ಕೈತೋಟಕ್ಕೆ ಶೇಡ್ ಸೇಲ್: ಕಂಬ ಎಷ್ಟು ದಪ್ಪ ಇರಬೇಕು, ಬಟ್ಟೆ ಯಾವುದು, ಕೆಳಗೆ ಏನು ಬೆಳೆಯುತ್ತೆ?

ಹೂಕುಂಡ
ಮನೆಯ ಪಶ್ಚಿಮದ ಗೋಡೆಗೆ ತಾಗಿ 7×6 ಮೀಟರ್ ಜಾಗ ಇದೆ. ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ನೇರವಾಗಿ ಬಡಿಯುತ್ತೆ. ಗೋಡೆ ಪಕ್ಕ ಕೂರುವ ಕಟ್ಟೆ, ಫರ್ನ್ ಮತ್ತು ಆರ್ಕಿಡ್ ಕುಂಡಗಳು. ಉಳಿದ ಕಡೆ ಟೊಮೆಟೊ, ಮೆಣಸಿನಕಾಯಿ, ಸೊಪ್ಪಿನ ಮಡಿ. 5×5 ಮೀಟರಿನ ಚೌಕ ಶೇಡ್ ಸೇಲ್ (ಮೂಲೆಗಳಿಂದ ಎಳೆದು ಬಿಗಿಯುವ ನೆರಳಿನ ಬಟ್ಟೆ) ಹಾಕುವ ಯೋಚನೆ: ಗೋಡೆಗೆ ಎರಡು ಕೊಕ್ಕೆ, ಎದುರಿಗೆ 2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಎರಡು, 3 ಮೀಟರ್ ಎತ್ತರ, ಎರಡಡಿ ಗುಂಡಿ ತೆಗೆದು ಕಾಂಕ್ರೀಟ್. ನಾಲ್ಕೂ ಮೂಲೆ ಒಂದೇ ಎತ್ತರ. ಪೈಪ್ ಸಾಕಾ? ಜಾಲರಿ ಬಟ್ಟೆಯೋ, ನೀರು ಸೋರದ ಬಟ್ಟೆಯೋ? ಯಾವ ಬಣ್ಣ?

ಕಬ್ಬಿಣಕೈ
ಮೊದಲು ಪೈಪು. ಇಂಥ ಕೆಲಸ ಕೈಕೊಡೋದು ಅಲ್ಲೇ. 2 ಇಂಚು ಸಾಕಾಗಲ್ಲ.

ಬಟ್ಟೆ ತೂಕ ಏಳು ಕೆ.ಜಿ. ದಾಟಲ್ಲ, ಅದನ್ನ ಹೊರೋಕೆ ಬಿದಿರು ಗಳವೂ ಸಾಕು. ಆದರೆ ಬಟ್ಟೆ ಕಂಬದ ತಲೆಯನ್ನ ಒಳಗಡೆಗೆ ಎಳೀತಾನೇ ಇರುತ್ತೆ, ಗಾಳಿ ಬಂದಾಗ ಅದರ ಹಲವು ಪಟ್ಟು ಎಳೆಯುತ್ತೆ. 3 ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಎಷ್ಟು ಎಳೆದರೆ ಪೈಪ್ ಬುಡದಲ್ಲಿ ಬಾಗೋಕೆ ಶುರುವಾಗುತ್ತೆ ಅನ್ನೋ ಲೆಕ್ಕ ಇದು. ಸಾಮಾನ್ಯ ಮೈಲ್ಡ್ ಸ್ಟೀಲ್, ಅದು ಮಣಿಯೋಕೆ ಶುರುವಾಗೋ ಒತ್ತಡ 250 ಮೆಗಾಪ್ಯಾಸ್ಕಲ್ ಅಂತ ಹಿಡಿದಿದ್ದೀನಿ:

2 ಇಂಚು, ಅಂದರೆ ಹೊರವ್ಯಾಸ 60.3 ಮಿ.ಮೀ., ದಪ್ಪ 3.6 ಮಿ.ಮೀ.: ಸುಮಾರು 70 ಕೆ.ಜಿ.
3 ಇಂಚು, 88.9 ಮಿ.ಮೀ., ದಪ್ಪ 4: ಸುಮಾರು 180 ಕೆ.ಜಿ.
4 ಇಂಚು, 114.3 ಮಿ.ಮೀ., ದಪ್ಪ 5.4: ಸುಮಾರು 400 ಕೆ.ಜಿ.

ಇದು ಬಾಗುವ ಮಟ್ಟ, ಸುರಕ್ಷಿತ ಮಟ್ಟ ಅಲ್ಲ. ಕೆಲಸಕ್ಕೆ ಇದರಲ್ಲಿ ಮೂರನೇ ಎರಡು ಭಾಗ ಮಾತ್ರ ಹಿಡೀರಿ. ಎತ್ತರ 3ರ ಬದಲು 2.5 ಮೀಟರ್ ಆದರೆ ಅದೇ ಪೈಪು ಐದನೇ ಒಂದು ಪಾಲು ಹೆಚ್ಚು ತಡೆಯುತ್ತೆ.

ಹೂಕುಂಡ
70 ಕೆ.ಜಿ. ಅಂದರೆ ಒಬ್ಬ ಆಳು ಜೋತುಬಿದ್ದಷ್ಟು. ಏಳು ಕೆ.ಜಿ. ಬಟ್ಟೆ ಅಷ್ಟು ಎಳೆಯುತ್ತಾ ಸರ್?

ಗಾಳಿಲೆಕ್ಕ
ಎಳೆಯುತ್ತೆ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೆಗೆದುಕೊಂಡು ವರ್ಗ ಮಾಡಿ, 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಅಂತ ಸಿಗುತ್ತೆ. ಗಂಟೆಗೆ 60 ಕಿ.ಮೀ. ಗಾಳಿ ಅಂದರೆ ಸೆಕೆಂಡಿಗೆ 16.7 ಮೀಟರ್, ಒತ್ತಡ 167 ನ್ಯೂಟನ್. ಬಟ್ಟೆಯ ಅಂಚುಗಳು ಒಳಕ್ಕೆ ಬಾಗಿರುತ್ತವೆ, ಆ ಬಾಗು ಕಳೆದರೆ 5×5 ಬಟ್ಟೆಯಲ್ಲಿ ಉಳಿಯುವುದು ಸುಮಾರು 21 ಚದರ ಮೀಟರ್. ಗಾಳಿಗೆ ಎದುರಾಗಿ ನಿಂತ ಬಟ್ಟೆಯಾದರೆ 350 ಕೆ.ಜಿ. ಚಿಲ್ಲರೆ. ನಿಮ್ಮದು ಮಲಗಿದ ಬಟ್ಟೆ, ಜಾಲರಿ ಬೇರೆ. ಹಾಗಾಗಿ ಅರ್ಧ ಅಂತ ಹಿಡಿಯೋಣ, 180. ನಾಲ್ಕು ಮೂಲೆಗೆ ಹಂಚಿದರೆ ತಲಾ 45. ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದವರು ತೆಳು ಪೈಪ್ ನೆಡುತ್ತಾರೆ.

ಆ 45 ಕೆ.ಜಿ. ಬಟ್ಟೆಯನ್ನು ಮೇಲಕ್ಕೆ ಎತ್ತುವ ಬಲ. ಅದನ್ನು ತಡೆಯುವ ಮೂಲೆಯ ಕೊಂಡಿಯಾದರೋ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತೆ. ಓರೆ ಕಡಿಮೆ ಇದ್ದಷ್ಟೂ 45 ಕೆ.ಜಿ. ತಡೆಯಲು ಉದ್ದುದ್ದಕ್ಕೆ ಎಳೆತ ಜಾಸ್ತಿ ಬೇಕು. ಓರೆ 25 ಡಿಗ್ರಿ ಇದ್ದರೆ ಒಂದು ಮೂಲೆಯ ಎಳೆತ 106 ಕೆ.ಜಿ., 15 ಡಿಗ್ರಿಗೆ 175, 5 ಡಿಗ್ರಿಗೆ 515. ನಾಲ್ಕೂ ಮೂಲೆ ಒಂದೇ ಎತ್ತರದಲ್ಲಿಟ್ಟು ಬಟ್ಟೆಯನ್ನು ಹಲಗೆಯಂತೆ ಬಿಗಿದರೆ ಆ ಕೊನೆಯ ಅಂಕಿಯ ಕಡೆ ಹೋಗುತ್ತೀರಿ. ವೇಗ 60ರಿಂದ 80ಕ್ಕೆ ಏರಿದರೆ 175 ಕೆ.ಜಿ. ಅನ್ನುವುದು 310 ಆಗುತ್ತೆ, ಯಾಕೆಂದರೆ ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು.

ಈ ಲೆಕ್ಕದ ಮೇಲೆ ನಿಮ್ಮ ಜಾಗಕ್ಕೆ 4 ಇಂಚಿನ ಪೈಪ್ ಬೇಕು, ಎದುರುಬದುರು ಮೂಲೆಗಳು ಎರಡು ಮೇಲೆ, ಎರಡು ಕೆಳಗೆ ಇರಬೇಕು. 3.2 ಮೀಟರ್ ಮತ್ತು 2.2 ಮೀಟರ್ ಅಂತಿಟ್ಟುಕೊಳ್ಳಿ. ಆಗ ಬಟ್ಟೆ ತಿರುಚಿಕೊಂಡು ಒಂದು ದಿಕ್ಕಿಗೆ ಉಬ್ಬು, ಇನ್ನೊಂದು ದಿಕ್ಕಿಗೆ ತಗ್ಗು ಆಗುತ್ತೆ. ಗಾಳಿ ಮೇಲಕ್ಕೆ ಎತ್ತಿದರೆ ತಗ್ಗು ಮೂಲೆಗಳ ನಡುವಿನ ಎಳೆಗಳು ಹಿಡಿಯುತ್ತವೆ, ಕೆಳಕ್ಕೆ ಒತ್ತಿದರೆ ಎತ್ತರದ ಮೂಲೆಗಳ ನಡುವಿನವು. ಚಪ್ಪಟೆ ಬಟ್ಟೆಗೆ ಈ ಅನುಕೂಲ ಇಲ್ಲ, ಅದಕ್ಕೇ ಪಟಪಟ ಬಡಿದುಕೊಳ್ಳುತ್ತೆ. ಎತ್ತರದ ವ್ಯತ್ಯಾಸ ಬದಿಯ ಉದ್ದದ ಐದನೇ ಒಂದು ಭಾಗಕ್ಕಿಂತ ಕಡಿಮೆ ಬೇಡ.

ಕಬ್ಬಿಣಕೈ
ಹಾಗಾದರೆ ಗುಂಡಿ. ಎರಡಡಿ ಆಗಲ್ಲ. ಗಟ್ಟಿ ಮಣ್ಣಲ್ಲಿ 45 ಸೆಂ.ಮೀ. ಅಗಲ, 1.2 ಮೀಟರ್ ಆಳ. ಮರಳು ಮಣ್ಣು ಅಥವಾ ಭರ್ತಿ ಮಾಡಿದ ಮಣ್ಣಾದರೆ 60 ಸೆಂ.ಮೀ. ಅಗಲ, ಒಂದೂವರೆ ಮೀಟರ್ ಆಳ. ಗುಂಡಿ ಬುಡ ಅಗಲ, ಬಾಯಿ ಕಿರಿದು ಇದ್ದರೆ ಒಳ್ಳೇದು. ಬಾಯಿ ಅಗಲ ಮಾಡಿ ಬುಡ ಕಿರಿದು ಮಾಡಿದರೆ ಬುಗುರಿ ಆಕಾರ ಆಗಿ ಕಿತ್ತುಕೊಂಡು ಬರುತ್ತೆ. ಅಗೆಯೋ ಮೊದಲು ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್ ಎಲ್ಲಿ ಹೋಗಿವೆ ನೋಡಿಕೊಳ್ಳಿ. ತಲೆ ಮೇಲೆ ವಿದ್ಯುತ್ ತಂತಿ ಇದ್ದರೆ ಆ ಜಾಗಾನೇ ಬೇಡ.

45 ಸೆಂ.ಮೀ., 1.2 ಮೀಟರ್ ಗುಂಡಿಗೆ 0.19 ಘನ ಮೀಟರ್ ಕಾಂಕ್ರೀಟ್ ಹಿಡಿಯುತ್ತೆ. 1:1.5:3 ಹದಕ್ಕೆ (ಸಿಮೆಂಟ್, ಮರಳು, ಜಲ್ಲಿ) ಗುಂಡಿಗೆ 50 ಕೆ.ಜಿ.ಯ ಒಂದೂವರೆ ಚೀಲ ಸಿಮೆಂಟ್. ನೀರು ಜಾಸ್ತಿ ಹಾಕಿ ಗಂಜಿ ಮಾಡಬೇಡಿ. ಕಂಬವನ್ನ ನೆಟ್ಟಗೆ ನಿಲ್ಲಿಸದೆ ಬಟ್ಟೆಯ ವಿರುದ್ಧ ದಿಕ್ಕಿಗೆ 5 ಡಿಗ್ರಿ ವಾಲಿಸಿ. 3 ಮೀಟರ್ ಕಂಬದ ತಲೆ ತೂಗುಗುಂಡಿನ ದಾರದಿಂದ 26 ಸೆಂ.ಮೀ. ಹೊರಗೆ ಬಂದರೆ ಸರಿಯಾಯ್ತು. ಬಿಗಿದ ಮೇಲೆ ಸ್ವಲ್ಪ ಒಳಗೆ ಬಂದರೂ ಕಣ್ಣಿಗೆ ಕುಸಿದ ಹಾಗೆ ಕಾಣಲ್ಲ.

ಕಾಂಕ್ರೀಟ್ ಮೇಲ್ಭಾಗ ನೆಲಕ್ಕಿಂತ ಎರಡು ಬೆರಳು ಎತ್ತರ, ಕಂಬದಿಂದ ಸುತ್ತಲೂ ಹೊರಕ್ಕೆ ಇಳಿಜಾರು. ಇದನ್ನ ಮರೆತರೆ ಅಲ್ಲಿ ನೀರು ನಿಂತು ಸರಿಯಾಗಿ ಆ ಗೆರೆಯಲ್ಲೇ ಪೈಪ್ ತುಕ್ಕು ತಿನ್ನುತ್ತೆ, ಹೊರಗಿಂದ ನೋಡಿದರೆ ಬಣ್ಣ ಚೆನ್ನಾಗೇ ಇರುತ್ತೆ. ಪೈಪ್ ತಲೆಗೆ ಮುಚ್ಚಳ ಬೆಸುಗೆ ಹಾಕಿಸಿ. ಜಿಐ ಪೈಪಿಗೆ ಬೆಸುಗೆ ಹಾಕಿದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗಿರುತ್ತೆ, ಅಲ್ಲಿಗೆ ಝಿಂಕ್ ಪೇಂಟ್ ಎರಡು ಕೋಟ್. ಬೆಸುಗೆ ಹೊಗೆ ಕುಡಿಯಬೇಡಿ, ಬಯಲಲ್ಲಿ ಮಾಡಿ.

ಕಂಬ ನೆಟ್ಟು ಏಳು ದಿನ ಒದ್ದೆ ಗೋಣಿ ಹಾಕಿ ಕ್ಯೂರಿಂಗ್. ಪೂರ್ತಿ ಬಿಗಿಯೋದು 28 ದಿನ ಆದ ಮೇಲೆ.

ಇಟ್ಟಿಗೆಗಾರೆ
ಗೋಡೆ ಬಗ್ಗೆ ಯಾರೂ ಕೇಳಲಿಲ್ಲ, ಅಲ್ಲೂ ಅದೇ 200–300 ಕೆ.ಜಿ. ಬೀಳುತ್ತೆ. ಕಾಂಕ್ರೀಟ್ ಬೀಮು ಅಥವಾ ಪಿಲ್ಲರ್ ಸಿಕ್ಕರೆ 12 ಮಿ.ಮೀ. ಆಂಕರ್ ಬೋಲ್ಟ್ ನಾಲ್ಕು, 10 ಮಿ.ಮೀ. ದಪ್ಪದ ಪ್ಲೇಟ್, ಅದಕ್ಕೆ ಬೆಸೆದ ಕಣ್ಣು. ಬೋಲ್ಟ್ ಕಾಂಕ್ರೀಟಿನ ಅಂಚಿನಿಂದ ಕನಿಷ್ಠ 10 ಸೆಂ.ಮೀ. ಒಳಗಿರಲಿ, ಇಲ್ಲದಿದ್ದರೆ ಅಂಚೇ ಒಡೆದು ಬರುತ್ತೆ. ರಂಧ್ರ ಕೊರೆದ ಮೇಲೆ ಒಳಗಿನ ಪುಡಿ ಬ್ರಷ್ ಹಾಕಿ, ಗಾಳಿ ಊದಿ ತೆಗೆಯಲೇಬೇಕು. ಪುಡಿ ಉಳಿದರೆ ಕೆಮಿಕಲ್ ಆಂಕರ್ (ರಂಧ್ರಕ್ಕೆ ಅಂಟು ತುಂಬಿ ಕೂರಿಸುವ ಬೋಲ್ಟ್) ಅಂಟುವುದು ಪುಡಿಗೆ, ಗೋಡೆಗಲ್ಲ.

ಇಟ್ಟಿಗೆ ಗೋಡೆಗೆ ಹಿಗ್ಗುವ ಆಂಕರ್ ಬೋಲ್ಟ್ ಹಾಕಬೇಡಿ. ಬಿಗಿಯುತ್ತಿದ್ದ ಹಾಗೆ ಇಟ್ಟಿಗೆ ಸೀಳುತ್ತೆ. ಗೋಡೆ ತೂರಿಸಿ ಆಚೆ ಬದಿಗೆ 20×20 ಸೆಂ.ಮೀ. ಪ್ಲೇಟ್ ಕೊಟ್ಟು ನಟ್ ಹಾಕುವುದೇ ಸರಿ. ಟೊಳ್ಳು ಬ್ಲಾಕ್ ಆದರೂ ಇದೇ. ಸೂರಿನ ಪಟ್ಟಿ, ಕಿಟಕಿ ಸಜ್ಜಾ, ಮಳೆನೀರಿನ ಪೈಪ್ ಹಿಡಿದ ಕ್ಲಾಂಪ್, ನಾಲ್ಕೂವರೆ ಇಂಚಿನ ಪ್ಯಾರಾಪೆಟ್ ಇವಕ್ಕೆಲ್ಲ ಕೈ ಹಾಕಲೇಬೇಡಿ. ಮರಕ್ಕೆ ಕಟ್ಟುವುದೂ ಬೇಡ. ಗಾಳಿಗೆ ಮರ ಒಂದು ತಾಳದಲ್ಲಿ ತೂಗಿದರೆ ಕಂಬ ಇನ್ನೊಂದರಲ್ಲಿ, ನಡುವೆ ಸಿಕ್ಕ ಬಟ್ಟೆಯ ಮೂಲೆ ಹರಿಯುತ್ತೆ.

ಹೂಕುಂಡ
ಗೋಡೆಯಲ್ಲಿ ಸುಮಾರು 3.2 ಮೀಟರಿಗೆ ಬೀಮು ಇದೆ. ಹಾಗಾದರೆ ಗೋಡೆಯ ಎತ್ತರದ ಕೊಕ್ಕೆ ಅಲ್ಲಿಗೆ. 2.2ರಲ್ಲಿ ಬರುವ ತಗ್ಗಿನ ಕೊಕ್ಕೆಗೆ ಗೋಡೆ ತೂರಿಸಿ ಪ್ಲೇಟ್.

ಮಣ್ಣುಹುಳು
ಎಲ್ಲರೂ ಕಬ್ಬಿಣದಲ್ಲೇ ಮುಳುಗಿದ್ದೀರಿ, ಗಿಡಗಳ ಗತಿ ಏನು? ಶೇಡ್ ಸೇಲ್ ಅಂತ ಮಾರುವ ಬಟ್ಟೆ ಹೆಚ್ಚಿನದು 70ರಿಂದ 95 ಶೇಕಡಾ ಬೆಳಕು ತಡೆಯುತ್ತೆ. ಜನ ಕೂರುವುದಕ್ಕೆ ಅದು ಚೆನ್ನ. ಟೊಮೆಟೊ, ಮೆಣಸಿನ ಗಿಡಕ್ಕೆ ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೇಕು. 90 ಶೇಕಡಾ ನೆರಳಲ್ಲಿ ಗಿಡ ಸಾಯಲ್ಲ, ಅದೇ ಮೋಸ. ಕಡ್ಡಿ ಹಾಗೆ ಉದ್ದ ಬೆಳೆದು, ಗೆಣ್ಣುಗಳ ನಡುವೆ ಅಂತರ ಜಾಸ್ತಿಯಾಗಿ, ಎಲೆ ದೊಡ್ಡದಾಗಿ ಹಸಿರಾಗೇ ಇರುತ್ತೆ. ಹೂ ಬಿಡಲ್ಲ, ಬಿಟ್ಟರೂ ಉದುರುತ್ತೆ. ನೋಡಿದವರು ಗೊಬ್ಬರ ಸಾಲದು ಅಂತ ಸಾರಜನಕ ಸುರಿದು ಇನ್ನೂ ಕೆಡಿಸುತ್ತಾರೆ.

ಟೊಮೆಟೊ, ಮೆಣಸಿನಕಾಯಿಗೆ 30–35 ಶೇಕಡಾ ಶೇಡ್ ನೆಟ್ ಸಾಕು, ಅದೂ ಬಿರುಬೇಸಿಗೆಯಲ್ಲಿ ಮಾತ್ರ. ಹಗಲಿನ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟೊಮೆಟೊ ಪರಾಗ ಕೆಟ್ಟು ಕಾಯಿ ಕಟ್ಟುವುದು ಕಡಿಮೆಯಾಗುತ್ತೆ, ಬಿಸಿಲು ನೇರ ಬಿದ್ದ ಕಾಯಿಯ ಹೆಗಲ ಮೇಲೆ ಬಿಳಿ ಸುಟ್ಟ ಕಲೆ ಬರುತ್ತೆ. ಆಗ ನೆಟ್ ಉಪಯೋಗ. ಸೊಪ್ಪಿಗೆ 35ರಿಂದ 50. ಫರ್ನ್‌ಗೆ 70–75 ಆದರೂ ಸರಿ. ಆರ್ಕಿಡ್‌ಗಳಲ್ಲಿ ಜಾತಿ ನೋಡಬೇಕು, ವಾಂಡಾ ತರದ್ದಕ್ಕೆ ಬೆಳಕು ಜಾಸ್ತಿ, ಫೆಲನಾಪ್ಸಿಸ್‌ಗೆ ಕಡಿಮೆ. ಇನ್ನೊಂದು ಎಚ್ಚರ: ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿರುವ ಶೇಕಡಾ ಎಷ್ಟೋ ಸಲ ನೇರಳಾತೀತ ಕಿರಣ ತಡೆಯುವ ಪ್ರಮಾಣ. ಗಿಡಕ್ಕೆ ಬೇಕಾದದ್ದು ಬೆಳಕು ತಡೆಯುವ ಪ್ರಮಾಣ. ಎರಡೂ ಬೇರೆ ಬೇರೆ ಅಂಕಿ.

ಅದಕ್ಕೇ ಹೇಳುವುದು, ತರಕಾರಿ ಮಡಿಯನ್ನು ಸೇಲ್ ಕೆಳಗಿಂದ ಹೊರಗೆ ತನ್ನಿ.

ಗಾಳಿಲೆಕ್ಕ
ಮಣ್ಣುಹುಳು ಮೇಡಂ ಹೇಳಿದ್ದಕ್ಕೆ ನೆರಳಿನ ಲೆಕ್ಕವೂ ಒತ್ತಾಸೆ ಕೊಡುತ್ತೆ. ನೆರಳು ಬಟ್ಟೆಯ ನೇರ ಕೆಳಗೆ ಬೀಳುವುದು ಸೂರ್ಯ ನೆತ್ತಿ ಮೇಲಿದ್ದಾಗ ಮಾತ್ರ. ಸೂರ್ಯ 45 ಡಿಗ್ರಿಗೆ ಇಳಿದಾಗ ಬಟ್ಟೆ ಎಷ್ಟು ಎತ್ತರ ಇದೆಯೋ ನೆರಳು ಅಷ್ಟೇ ದೂರ ಆಚೆ ಸರಿಯುತ್ತೆ. ನಿಮ್ಮ ಬಟ್ಟೆಯ ಸರಾಸರಿ ಎತ್ತರ 2.7 ಮೀಟರ್, ಹಾಗಾಗಿ ನೆರಳು 2.7 ಮೀಟರ್ ಪೂರ್ವಕ್ಕೆ. ಸೂರ್ಯ 30 ಡಿಗ್ರಿಗೆ ಬಂದಾಗ 4.7 ಮೀಟರ್, ಅಂದರೆ ನೆರಳಿನ ಬಹುಪಾಲು ಮನೆಯ ಗೋಡೆ ಮೇಲೆ. ಮನೆ ತಂಪಾಗುತ್ತೆ, ಅದೂ ಲಾಭವೇ. ಆದರೆ ಪಶ್ಚಿಮದ ಅಂಚಿನ ಮಡಿಗೆ ಸಂಜೆ ಬಿಸಿಲು ಸಲೀಸಾಗಿ ಒಳಗೆ ಬರುತ್ತೆ.

ಇದನ್ನು ಅನುಕೂಲಕ್ಕೆ ಬಳಸಿಕೊಳ್ಳಿ. ಸೇಲ್ ಗೋಡೆ ಕಡೆಗೆ ಇರಲಿ, ಫರ್ನ್, ಆರ್ಕಿಡ್, ಕಟ್ಟೆ ಅದರ ಕೆಳಗೆ. ಪಶ್ಚಿಮದ ಅಂಚಲ್ಲಿ ಒಂದೂವರೆ ಮೀಟರ್ ಪಟ್ಟಿ ಬಯಲಾಗಿಟ್ಟು ಟೊಮೆಟೊ, ಮೆಣಸಿನಕಾಯಿ ಅಲ್ಲಿಗೆ. ಬೇಸಿಗೆಗೆ ಬಾಗಿಸಿದ ಪೈಪಿನ ಮೇಲೆ 35 ಶೇಕಡಾ ನೆಟ್ ಹೊದಿಸಿದರೆ ಮುಗೀತು, ಬೇಡವಾದಾಗ ತೆಗೆಯಬಹುದು. ಕಟ್ಟೆ ಮೇಲೆ ಕೂತವರ ಮುಖಕ್ಕೆ ಸಂಜೆ ಬಿಸಿಲು ಹೊಡೆದರೆ ಸೇಲ್ ದೊಡ್ಡದು ಮಾಡಿ ಪ್ರಯೋಜನ ಇಲ್ಲ, ಎರಡು ಕಂಬಗಳ ನಡುವೆ ನಿಲುವಾಗಿ ಒಂದು ಪರದೆ ಇಳಿಬಿಡಬೇಕು.

ತಾರಸಿಮಲ್ಲಿಗೆ
ನಡುವೆ ಬಾಯಿ ಹಾಕ್ತೀನಿ ಕ್ಷಮಿಸಿ. ನೆಲ ಇಲ್ಲದೆ ತಾರಸಿ ಮೇಲೆ ಇದೇ ಕೆಲಸ ಮಾಡೋದು ಹೇಗೆ? ಬಕೆಟ್‌ನಲ್ಲಿ ಸಿಮೆಂಟ್ ತುಂಬಿ ಕಂಬ ನಿಲ್ಲಿಸಬಹುದಾ?

ಕಬ್ಬಿಣಕೈ
ಬೇಡಮ್ಮ. 3 ಮೀಟರ್ ಎತ್ತರಕ್ಕೆ ಬರೀ 50 ಕೆ.ಜಿ. ಎಳೆದರೂ ಬುಡದಲ್ಲಿ 150 ಕೆ.ಜಿ.-ಮೀಟರ್ ತಿರುವು ಬರುತ್ತೆ. ಬುಡ 60 ಸೆಂ.ಮೀ. ಚೌಕ ಇದ್ದರೆ ಅಂಚಿನಿಂದ ನಡುವಿಗೆ ಇರೋದು 30 ಸೆಂ.ಮೀ. ಅಷ್ಟೇ, ಮಗುಚದೆ ನಿಲ್ಲೋಕೆ ಅರ್ಧ ಟನ್ ತೂಕ ಬೇಕು. ಬಕೆಟ್‌ನಲ್ಲಿ ಹಿಡಿಯೋದು 40 ಕೆ.ಜಿ. ಕಾಂಕ್ರೀಟ್. ಮಣ್ಣು ತುಂಬಿದ ದೊಡ್ಡ ಕುಂಡಕ್ಕೂ ಇದೇ ಮಾತು.

ತಾರಸಿಗೆ ದಾರಿ ಅಂದರೆ ಚೌಕಟ್ಟು. ನಾಲ್ಕು ಕಂಬದ ತಲೆಗಳನ್ನ ಅಡ್ಡ ಪೈಪಿನಿಂದ ಸುತ್ತಲೂ ಜೋಡಿಸಿ. ಬಟ್ಟೆ ಒಳಗೆ ಎಳೆದರೆ ಆ ಅಡ್ಡ ಪೈಪುಗಳೇ ಒತ್ತಡ ತಗೊಂಡು ಒಂದಕ್ಕೊಂದು ತಡೀತವೆ, ಕಂಬದ ಬುಡಕ್ಕೆ ತಿರುವು ಬರಲ್ಲ. ಮೂಲೆಗಳಿಗೆ ಓರೆ ಕೈ ಕೊಟ್ಟರೆ ಪಕ್ಕಕ್ಕೂ ವಾಲಲ್ಲ. ಈಗ ಉಳಿಯೋದು ಇಡೀ ಚೌಕಟ್ಟನ್ನ ಗಾಳಿ ಎತ್ತೋ ಬಲ, ಅದಕ್ಕೆ ಕಂಬದ ಬುಡ ಪಿಲ್ಲರ್ ತಲೆಗೇ ಬೋಲ್ಟ್ ಆಗಬೇಕು. ಚಾವಣಿ ಚಪ್ಪಡಿಗೆ ರಂಧ್ರ ಹೊಡೆದರೆ ನೀರು ಸೋರಿಕೆ ತಡೆಯೋ ಪದರ ಹೋಯ್ತು ಅಂತಲೇ ಲೆಕ್ಕ. ಪಿಲ್ಲರ್ ತಲೆ ಸಿಗದಿದ್ದರೆ ಶೇಡ್ ಸೇಲ್ ಕೈಬಿಟ್ಟು, ಕುಂಡಗಳ ಸಾಲಿನ ಮೇಲೆ ಎದೆಮಟ್ಟದ ನೆಟ್ ಗೂಡು ಮಾಡಿಕೊಳ್ಳಿ. ಮೇಲಿನ ಮಹಡಿಯಲ್ಲಿ ಗಾಳಿ ನೆಲಕ್ಕಿಂತ ಜೋರು.

ಸೂಜಿದಾರ
ಬಟ್ಟೆ ವಿಷಯಕ್ಕೆ ಬರುತ್ತೇನೆ. ಹೆಣಿಗೆಯ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬಟ್ಟೆ ತಗೊಳ್ಳಿ, ನೇಯ್ಗೆಯದ್ದು ಬೇಡ. ಹೆಣಿಗೆ ಬಟ್ಟೆಗೆ ತೂತು ಬಿದ್ದರೂ ತೂತಾಗಿಯೇ ಇರುತ್ತೆ, ನೇಯ್ಗೆ ಎಳೆ ಬಿಚ್ಚುತ್ತಾ ಹೋಗುತ್ತೆ. ತೂಕ ಚದರ ಮೀಟರಿಗೆ 180 ಗ್ರಾಂ ಅಂದರೆ ಹಗುರ, 280–340 ಅಂದರೆ ವರ್ಷಗಟ್ಟಲೆ ಬಾಳುವಂಥದ್ದು. ಇದಕ್ಕಿಂತ ಮುಖ್ಯ ನೋಡಬೇಕಾದದ್ದು ದಾರ. ಪಾಲಿಯೆಸ್ಟರ್ ದಾರ ಬಿಸಿಲಿಗೆ ಬಟ್ಟೆಗಿಂತ ಮುಂಚೆ ಸಾಯುತ್ತೆ, ಉಗುರಿಂದ ಕೆರೆದರೆ ಪುಡಿಪುಡಿ. ಪಿಟಿಎಫ್‌ಇ (ಟೆಫ್ಲಾನ್ ಜಾತಿಯ) ದಾರದಲ್ಲಿ ಹೊಲಿದದ್ದು ಬಟ್ಟೆಗಿಂತ ಹೆಚ್ಚು ಬಾಳುತ್ತೆ. ಮೂಲೆಯಲ್ಲಿ ಬರೀ ಹಿತ್ತಾಳೆ ಕಣ್ಣು ಒತ್ತಿದ್ದರೆ ಅದು ಟಾರ್ಪಾಲಿನ್ ಜಾತಿ, ಬಿಗಿಯುವ ಕೆಲಸಕ್ಕಲ್ಲ. ಮೂಲೆಗೆ ಮೂರು ನಾಲ್ಕು ಪದರ ಪಟ್ಟಿ ಅಡ್ಡ ಹೊಲಿದು, ಅದರೊಳಗೆ ಸ್ಟೀಲ್ ಬಳೆ ಕೂರಿಸಿರಬೇಕು.

ಅಂಚು ನೇರ ಇದ್ದರೂ ವಾಪಸ್ ಕೊಡಿ. ಪ್ರತಿ ಬದಿಯೂ ಒಳಕ್ಕೆ ಬಾಗಿರಬೇಕು, 5 ಮೀಟರ್ ಬದಿಯ ನಡುವೆ 25ರಿಂದ 40 ಸೆಂ.ಮೀ. ಬಾಗಿದ್ದರೆ ಮೂಲೆ ಎಳೆದಾಗ ಅಂಚಿನ ಪಟ್ಟಿ ಬಿಗಿಯಾಗಿ ನಡುವಿನ ಬಟ್ಟೆಯನ್ನೂ ಎಳೆಯುತ್ತೆ. ನೇರ ಅಂಚಿನ ಬಟ್ಟೆಯಲ್ಲಿ ಎಷ್ಟು ಬಿಗಿದರೂ ಅಂಚು ಜೋಲು ಬಿದ್ದು ಬಡಿದುಕೊಳ್ಳುತ್ತೆ.

ತ್ರಿಕೋನ ಸುಲಭ ಅಂತ ಅದನ್ನು ಕೊಳ್ಳುವವರಿಗೆ ಒಂದು ಮಾತು: 5 ಮೀಟರ್ ಬದಿಯ ತ್ರಿಕೋನದಲ್ಲಿ ಬಾಗು ಕಳೆದು ಕೈಗೆ ಸಿಗುವುದು 7ರಿಂದ 8 ಚದರ ಮೀಟರ್. ಚೌಕದಲ್ಲಿ 20ರ ಮೇಲೆ. ಒಂದು ಕಂಬ ಉಳಿಸಲು ಹೋಗಿ ಮೂರನೇ ಎರಡು ಭಾಗ ನೆರಳು ಕಳೆದುಕೊಂಡಂತೆ.

ಬಣ್ಣ: ಕಡು ಬಣ್ಣ ಕಣ್ಣಿಗೆ ಹೊಡೆಯುವ ಬೆಳಕನ್ನು ಹೆಚ್ಚು ತಡೆಯುತ್ತೆ, ಬಟ್ಟೆ ಮಾತ್ರ ಕಾಯುತ್ತೆ. ಹೆಣಿಗೆಯಲ್ಲಿ ಸಂದು ಇರುವುದರಿಂದ ಆ ಬಿಸಿ ಮೇಲಕ್ಕೆ ಹೋಗುತ್ತೆ. ತಿಳಿ ಬಣ್ಣ ಬೆಳಕನ್ನು ಚದುರಿಸುತ್ತೆ, ಫರ್ನ್, ಆರ್ಕಿಡ್‌ಗೆ ಅದು ಒಳ್ಳೆಯದು, ಧೂಳು ಬೇಗ ಕಾಣುತ್ತೆ ಅಷ್ಟೇ.

ಹೂಕುಂಡ
ಮಳೆಗೂ ಆಗುತ್ತೆ ಅಂತ ನೀರು ಸೋರದ ಬಟ್ಟೆ ನೋಡುತ್ತಿದ್ದೆ.

ಗಾಳಿಲೆಕ್ಕ
ತೋಟಕ್ಕೆ ಬೇಡ. 10 ಮಿ.ಮೀ. ಮಳೆ ಬಂದರೆ 21 ಚದರ ಮೀಟರಿನಿಂದ 210 ಲೀಟರ್ ನೀರು ಇಳಿಯುತ್ತೆ, ಅದಷ್ಟೂ ಒಂದೆರಡು ತಗ್ಗು ಮೂಲೆಗೆ. ಅಲ್ಲಿಯ ಮಣ್ಣು ಕೊಚ್ಚಿಹೋಗುತ್ತೆ. ಇಳಿಜಾರು ಕಡಿಮೆಯಾದರೆ ನೀರು ನಡುವೆ ನಿಲ್ಲುತ್ತೆ: 2 ಮೀಟರ್ ಅಗಲ, 15 ಸೆಂ.ಮೀ. ಆಳದ ತಗ್ಗು ಬಿದ್ದರೆ 150 ಕೆ.ಜಿ. ದಾಟಿತು. ಆ ಭಾರಕ್ಕೆ ತಗ್ಗು ಇನ್ನಷ್ಟು ಆಳವಾಗಿ ಇನ್ನಷ್ಟು ನೀರು ಹಿಡಿಯುತ್ತೆ. ಗಾಳಿಯೂ ತೂರುವುದಿಲ್ಲ, ಮೇಲೆ ಅರ್ಧ ಅಂತ ಹಿಡಿದ ರಿಯಾಯಿತಿ ಇರುವುದಿಲ್ಲ.

ಮಣ್ಣುಹುಳು
ಪೂರ್ತಿ ಬೇಡ ಅನ್ನಲಾರೆ. ಸಸಿ ಮಡಿ, ಕ್ಯಾಕ್ಟಸ್, ಸಕ್ಯುಲೆಂಟ್ ಇಟ್ಟವರಿಗೆ ಮಳೆ ತಡೆಯುವುದು ಬೇಕೇ ಬೇಕು. ಅವರು ಸಣ್ಣದಾಗಿ 3×3 ಮೀಟರ್ ಮಾಡಿ, ಕನಿಷ್ಠ 20 ಡಿಗ್ರಿ ಇಳಿಜಾರು ಕೊಡಲಿ. ತಗ್ಗು ಮೂಲೆಯ ಕೆಳಗೆ ಜಲ್ಲಿ ತುಂಬಿದ ಗುಂಡಿ ಅಥವಾ ಪೀಪಾಯಿ ಇಡಬಹುದು.

ಗಾಳಿಲೆಕ್ಕ
3×3 ಆದರೆ ನನ್ನ ತಕರಾರು ಇಲ್ಲ.

ಮಣ್ಣುಹುಳು
ಜಾಲರಿ ಬಟ್ಟೆಯಾದರೂ ನೀರು ಹಾಕುವ ಲೆಕ್ಕ ಬದಲಾಗುತ್ತೆ. ನೆರಳಲ್ಲಿ ಮಣ್ಣು ನಿಧಾನ ಒಣಗುತ್ತೆ. ಹಳೇ ಅಭ್ಯಾಸದಂತೆ ದಿನಾ ಹಾಕಿದರೆ ಕುಂಡದ ಬುಡ ಕೊಳೆಯುತ್ತೆ, ಎಲೆ ಮೇಲೆ ಬೂಷ್ಟು. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ನೆರಳಲ್ಲಿ ಬೆಳೆದ ಗಿಡದ ಮೇಲಿಂದ ಬಟ್ಟೆಯನ್ನು ಒಮ್ಮೆಗೇ ತೆಗೆದರೆ ಎಲೆ ಸುಡುತ್ತೆ. ಮೋಡ ಕವಿದ ವಾರ ನೋಡಿ ತೆಗೆಯಿರಿ.

ಸೂಜಿದಾರ
ಅಳತೆ ಬಗ್ಗೆ ಬರೆಯುವುದು ಬಿಟ್ಟುಹೋಯಿತು, ಹೆಚ್ಚಿನ ಎಡವಟ್ಟು ಅಲ್ಲೇ. 5 ಮೀಟರ್ ಬಟ್ಟೆಗೆ ಕೊಂಡಿಯಿಂದ ಕೊಂಡಿಗೆ 5 ಮೀಟರ್ ಇಟ್ಟರೆ ಬಿಗಿಯಲು ಜಾಗವೇ ಇರುವುದಿಲ್ಲ. ಪ್ರತಿ ಮೂಲೆಯಲ್ಲೂ 35 ಸೆಂ.ಮೀ. ಆಸುಪಾಸು ಖಾಲಿ ಬೇಕು. ಬಟ್ಟೆಯ ಕರ್ಣ 7.07 ಮೀಟರ್, ಎರಡು ತುದಿಗೂ 35 ಸೇರಿಸಿದರೆ 7.77, ಅಂದರೆ ಕೊಂಡಿಗಳ ನಡುವಿನ ಬದಿ 5.5 ಮೀಟರ್. ಇದು ಓರೆಯಲ್ಲಿ ಅಳೆದ ಉದ್ದ. ಎತ್ತರದಲ್ಲಿ 1 ಮೀಟರ್ ವ್ಯತ್ಯಾಸ ಇರುವುದರಿಂದ ನೆಲದ ಮೇಲೆ 5.4 ಮೀಟರ್. ಗೋಡೆಯ ಎರಡು ಕೊಕ್ಕೆಗಳ ನಡುವೆಯೂ ಇದೇ ಅಳತೆ. ಕಂಬದ ಗುಂಡಿ ಗುರುತು ಮಾಡುವಾಗ ಹಿಂದಕ್ಕೆ ವಾಲಿದ ತಲೆಯ ಲೆಕ್ಕವನ್ನೂ ಕಳೆಯಿರಿ. 3.2 ಮೀಟರ್ ಕಂಬದ ಬುಡ 28 ಸೆಂ.ಮೀ. ಒಳಗೆ ಬರುತ್ತೆ, 2.2ರದ್ದು 19 ಸೆಂ.ಮೀ.

ವಾಲುವ ದಿಕ್ಕು ಬಟ್ಟೆಯ ಕರ್ಣದ ದಿಕ್ಕಲ್ಲೇ ಇರಬೇಕು, ಬದಿಯ ದಿಕ್ಕಲ್ಲಿ ಅಲ್ಲ. ಕಂಬಕ್ಕೆ ಬೆಸೆದ ಕಣ್ಣೂ ಹಾಗೇ, ಬಟ್ಟೆಯ ನಡುಮಧ್ಯಕ್ಕೆ ಮುಖ ಮಾಡಿರಲಿ. ಕಣ್ಣು ಪಕ್ಕಕ್ಕೆ ತಿರುಗಿದ್ದರೆ ಎಳೆತ ಅದನ್ನು ಬಾಗಿಸುತ್ತೆ, ಮೂಲೆಯ ಒಂದು ಬದಿ ಬಿಗಿ, ಇನ್ನೊಂದು ಸಡಿಲ ಆಗುತ್ತೆ.

ಕಬ್ಬಿಣಕೈ
ಸಾಮಾನು: 10 ಮಿ.ಮೀ. ಟರ್ನ್‌ಬಕಲ್ (ತಿರುಗಿಸಿ ಬಿಗಿಯೋ ತಿರುಪಿನ ಕೊಂಡಿ) ಎರಡು, 10 ಮಿ.ಮೀ. ಡಿ-ಶ್ಯಾಕಲ್ (ಪಿನ್ ಹಾಕಿ ಮುಚ್ಚೋ ಡಿ ಆಕಾರದ ಕೊಂಡಿ) ಎಂಟು. ನಾಲ್ಕೂ ಮೂಲೆಗೆ ಟರ್ನ್‌ಬಕಲ್ ಬೇಕಿಲ್ಲ. ಗೋಡೆ ಕಡೆ ಶ್ಯಾಕಲ್ ಮತ್ತು ಗಿಡ್ಡ ಸರಪಳಿ ಸಾಕು, ಕಂಬದ ಕಡೆ ಎರಡರಲ್ಲಿ ಬಿಗಿದರೆ ಆಯ್ತು. ಸ್ಟೇನ್‌ಲೆಸ್ 304 ಸಾಮಾನ್ಯಕ್ಕೆ ಸರಿ, ಉಪ್ಪು ಗಾಳಿ ಇದ್ದರೆ 316. ಒಂದು ತುದಿಗೆ ತೆರೆದ ಕೊಕ್ಕೆ ಇರೋ ಟರ್ನ್‌ಬಕಲ್ ತಗೋಬೇಡಿ. ಗಾಳಿ ಒಮ್ಮೆ ಕೆಳಕ್ಕೆ ಒತ್ತಿ ಕೊಂಡಿ ಸಡಿಲ ಆದ ಕ್ಷಣಕ್ಕೆ ಕೊಕ್ಕೆ ಕಳಚಿ, ಮೂಲೆ ಚಾಟಿ ಹಾಗೆ ಬೀಸುತ್ತೆ, ತುದಿಯಲ್ಲಿ ಅರ್ಧ ಕೆ.ಜಿ. ಸ್ಟೀಲ್ ಸಮೇತ. ಎರಡು ತುದಿಯೂ ಮುಚ್ಚಿದ ಕಣ್ಣು ಅಥವಾ ದವಡೆ ಇರಲಿ.

ಸ್ಟೇನ್‌ಲೆಸ್ ತಿರುಪು ಒಣಗಿದ್ದಾಗ ಭಾರದ ಮೇಲೆ ತಿರುಗಿಸಿದರೆ ಕಚ್ಚಿಕೊಂಡು ಬಿಡುತ್ತೆ, ಆಮೇಲೆ ಕತ್ತರಿಸಿಯೇ ತೆಗೀಬೇಕು. ಮೊದಲೇ ಆಂಟಿಸೀಜ್ (ತಿರುಪು ಕಚ್ಚಿಕೊಳ್ಳದ ಹಾಗೆ ಹಚ್ಚೋ) ಗ್ರೀಸ್ ಹಚ್ಚಿ, ನಿಧಾನ ತಿರುಗಿಸಿ. ಬಿಗಿದಾದ ಮೇಲೆ ಟರ್ನ್‌ಬಕಲ್ ನಡುವಿಗೆ ತಂತಿ ಸುತ್ತಿ ತಾನಾಗೇ ತಿರುಗದ ಹಾಗೆ ಕಟ್ಟಿ. ಶ್ಯಾಕಲ್ ಪಿನ್ನಿಗೂ ಹಾಗೇ.

ಕೊಂಡಿ ದೂರ ಇದೆ ಅಂತ ಸ್ಟೀಲ್ ಹಗ್ಗ ಸೇರಿಸೋರು ಯು-ಕ್ಲಾಂಪ್ ಹಾಕೋ ದಿಕ್ಕು ನೋಡಿ: ಬಾಗಿದ ಯು ಭಾಗ ಹಗ್ಗದ ಗಿಡ್ಡ ತುದಿ ಮೇಲೆ, ಹಲ್ಲಿರೋ ತಟ್ಟೆ ಭಾರ ಹೊರೋ ಹಗ್ಗದ ಮೇಲೆ. ಉಲ್ಟಾ ಹಾಕಿದರೆ ಯು ಭಾರದ ಹಗ್ಗವನ್ನೇ ಜಜ್ಜುತ್ತೆ. ಮೂರು ಕ್ಲಾಂಪ್, ಒಂದರಿಂದೊಂದಕ್ಕೆ ಹಗ್ಗದ ದಪ್ಪದ ಆರು ಪಟ್ಟು ಅಂತರ. ದಾರದ ಹಗ್ಗ ಆದರೆ ಪಾಲಿಯೆಸ್ಟರ್. ನೈಲಾನ್ ಒದ್ದೆಯಾದರೆ ಹಿಗ್ಗುತ್ತೆ, ಪಾಲಿಪ್ರೊಪಿಲಿನ್ ಬಿಸಿಲಿಗೆ ಪುಡಿಯಾಗುತ್ತೆ.

ಹೂಕುಂಡ
ಏರಿಸುವ ಕ್ರಮ?

ಕಬ್ಬಿಣಕೈ
ಗಾಳಿ ಇಲ್ಲದ ಬೆಳಗ್ಗೆ, ಇಬ್ಬರು, ಎರಡು ಏಣಿ. ಟರ್ನ್‌ಬಕಲ್‌ಗಳನ್ನ ಪೂರ್ತಿ ಬಿಚ್ಚಿಡಿ, ಆದರೆ ತಿರುಪಿನ ತುದಿ ಒಳಗೆ ಕಾಣಬೇಕು. ಗೋಡೆಯ ಎರಡು ಮೂಲೆ ಮೊದಲು. ಆಮೇಲೆ ಎತ್ತರದ ಕಂಬ, ಕೊನೆಗೆ ತಗ್ಗಿನ ಕಂಬ. ಕೊನೇ ಮೂಲೆ ಕೈಗೆ ಎಟುಕಲ್ಲ, ಅದು ಸರಿಯಾದ ಅಳತೆಯ ಲಕ್ಷಣ. ಬೆಲ್ಟ್ ಟೈಟ್ನರ್ ಹಾಕಿ ಎಳೆದು ಶ್ಯಾಕಲ್ ಸಿಕ್ಕಿಸಿ. ಎರಡೂ ಟರ್ನ್‌ಬಕಲ್ ಸರದಿ ಮೇಲೆ ಐದೈದು ಸುತ್ತು. ಒಂದನ್ನೇ ಬಿಗೀತಾ ಹೋದರೆ ಬಟ್ಟೆ ಓರೆ ಆಗುತ್ತೆ. ಮೊದಲ ದಿನವೇ ತಿರುಪು ಮುಗಿಸಬೇಡಿ. ಎಚ್‌ಡಿಪಿಇ ಹಿಗ್ಗುತ್ತೆ, ಎರಡು ವಾರ ಬಿಟ್ಟು ಮತ್ತೆ ಬಿಗಿಯೋಕೆ ಅರ್ಧ ತಿರುಪು ಉಳಿದಿರಲಿ.

ಸೂಜಿದಾರ
ಆಮೇಲೆ ಬರುವ ಕಾಯಿಲೆಗಳು: ಅಂಚು ಬಿಗಿ, ನಡುವೆ ಜೋಲು ಅಂದರೆ ಎತ್ತರದ ವ್ಯತ್ಯಾಸ ಸಾಲದು. ನಡು ಬಿಗಿ, ಅಂಚು ಬಡಿಯುತ್ತೆ ಅಂದರೆ ಬಾಗು ಸಾಲದು, ಅದಕ್ಕೆ ಅಂಚಿನ ಮಡಿಕೆಯೊಳಗೆ 4 ಮಿ.ಮೀ. ಸ್ಟೀಲ್ ತಂತಿ ತೂರಿಸಿ ಎಳೆಯುವುದು ಉಪಾಯ. ಮೂಲೆಯಿಂದ ಕರ್ಣದ ಕಡೆಗೆ ಸುಕ್ಕು ಓಡಿದ್ದರೆ ಆ ಕರ್ಣ ಮಾತ್ರ ವಿಪರೀತ ಬಿಗಿಯಾಗಿದೆ, ಎದುರು ಕರ್ಣ ಬಿಗಿಯಿರಿ. ಬಟ್ಟೆ ಗೋಡೆಗೋ ಕೊಂಬೆಗೋ ಉಜ್ಜುತ್ತಿದ್ದರೆ ಒಂದೇ ಮಳೆಗಾಲದಲ್ಲಿ ಆ ಜಾಗ ತೆಳುವಾಗುತ್ತೆ. ಎರಡು ಸೇಲ್ ಒಂದರ ಮೇಲೊಂದು ಬಂದರೆ ನಡುವೆ 40 ಸೆಂ.ಮೀ. ಬಿಡಿ. ಕೆಳಗೆ ಒಲೆ, ಗ್ರಿಲ್ ಬೇಡ, ಕಿಡಿ ತಾಗಿದರೆ ಕರಗುತ್ತೆ.

ತಾರಸಿಮಲ್ಲಿಗೆ
ಬಿರುಗಾಳಿ ಮುನ್ಸೂಚನೆ ಬಂದರೆ ಒಂದು ಮೂಲೆ ಬಿಚ್ಚಿ ಬಿಟ್ಟರೆ ಸಾಕಾ?

ಗಾಳಿಲೆಕ್ಕ
ಒಂದು ಮೂಲೆ ಬಿಚ್ಚುವುದು ಬಿಚ್ಚದೇ ಇರುವುದಕ್ಕಿಂತ ಕೆಟ್ಟದ್ದು. ಸಡಿಲ ಬಟ್ಟೆ ಬಾವುಟದಂತೆ ಬಡಿದು ಉಳಿದ ಮೂರು ಮೂಲೆಗೆ ಜರ್ಕಿನ ಮೇಲೆ ಜರ್ಕು ಕೊಡುತ್ತೆ. ಗಂಟೆಗೆ 60 ಕಿ.ಮೀ. ದಾಟುವ ಗಾಳಿ, ಆಲಿಕಲ್ಲು, ಹಿಮ ಇವುಗಳ ಸೂಚನೆ ಇದ್ದರೆ ಪೂರ್ತಿ ಇಳಿಸಿ. ಗಾಳಿ ಶುರುವಾದ ಮೇಲೆ ಏಣಿ ಹತ್ತಬೇಡಿ, ಬಟ್ಟೆ ಹೋದರೆ ಹೋಗಲಿ. ಪದೇ ಪದೇ ಇಳಿಸುವ ಜಾಗವಾದರೆ ತಗ್ಗಿನ ಕಂಬದ ಟರ್ನ್‌ಬಕಲ್ ಬದಲು ರಾಟೆ ಹಗ್ಗ ಹಾಕಿ, ಕಂಬದ ಬುಡದಲ್ಲೇ ಕಟ್ಟುವಂತೆ ಮಾಡಿಕೊಳ್ಳಿ.

ಸೂಜಿದಾರ
ಇಳಿಸುವಾಗ ಪ್ರತಿ ಮೂಲೆಗೂ ಅಳಿಸದ ಶಾಯಿಯಲ್ಲಿ ಅಂಕಿ ಹಾಕಿ, ಕೊಂಡಿಯ ಪಕ್ಕ ಅದೇ ಅಂಕಿ. ಹಿಗ್ಗಿದ ಬಟ್ಟೆ ಅದೇ ದಿಕ್ಕಿಗೆ ಕೂತರೆ ಮಾತ್ರ ಮತ್ತೆ ಬಿಗಿ ಬರುತ್ತೆ, ತಿರುಗಿಸಿ ಹಾಕಿದರೆ ಸುಕ್ಕು ಬಿಡುವುದಿಲ್ಲ. ತೊಳೆಯಲು ನೀರು, ಮೆತ್ತನೆ ಬ್ರಷ್, ಸ್ವಲ್ಪ ಸಾಬೂನು ನೀರು ಸಾಕು. ಬ್ಲೀಚ್ ಬೇಡ, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಹೊಲಿಗೆ ಎದ್ದು ಬರುತ್ತೆ. ಎರಡೂ ಮುಖ ಪೂರ್ತಿ ಒಣಗಿದ ಮೇಲೆ ಮಡಚದೆ ಸುರುಳಿ ಸುತ್ತಿ ನೆಲದಿಂದ ಎತ್ತರದಲ್ಲಿ ಇಡಿ. ಇಲಿಗೆ ಸುರುಳಿಯ ಒಳಗು ಬಹಳ ಇಷ್ಟ, ಎರಡು ತುದಿಯನ್ನೂ ಕಟ್ಟಿ.